ಹೊಸ ಕಾರಿನ ಮೊದಲ ವರ್ಷ: ಸರ್ವೀಸ್ ಖರ್ಚು ಹಿಡಿತದಲ್ಲಿಡುವುದು ಹೇಗೆ?

ಸರ್ವೀಸ್ ಬಿಲ್ ಹಿಡಿದು ಕ್ಯಾಶ್ ಕೌಂಟರ್ ಎದುರು ತಲೆ ಕೆರೆದುಕೊಳ್ಳುವವರು ಮಂಗಳೂರು, ಉಡುಪಿಯ ಯಾವ ಸರ್ವೀಸ್ ಸೆಂಟರಿನಲ್ಲೂ ಸಂಜೆ ಹೊತ್ತಿಗೆ ಸಿಗುತ್ತಾರೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಕಾರು ತೊಳೆದು ಹೊಳೆಯುತ್ತಿರುತ್ತದೆ, ಇನ್ನು ಜಗಳ ಮಾಡಿ ಎಂತ ಪ್ರಯೋಜನ? ಬಿಲ್ ಹುಟ್ಟುವುದು ಬೆಳಿಗ್ಗೆ, ಜಾಬ್ ಕಾರ್ಡ್, ಅಂದರೆ ಕಾರಿಗೆ ಎಂತೆಂತ ಕೆಲಸ ಮಾಡಬೇಕು ಎಂಬ ಪಟ್ಟಿ, ಬರೆಯುವ ಹೊತ್ತಿನಲ್ಲಿ. ಆಗ ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಡೆಲಿವರಿ ದಿನದಿಂದ ಹಿಡಿದು ಮೊದಲ ವರ್ಷ ತುಂಬುವವರೆಗೆ ಎಂತೆಂತ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ನನ್ನದು ಸಣ್ಣ ಪೆಟ್ರೋಲ್ ಕಾರು, ಹಾಗಾಗಿ ಲೆಕ್ಕವೆಲ್ಲ ಅಂಥ ಕಾರಿನದ್ದು. ಡೀಸೆಲ್‌ಗೆ ಆಯಿಲ್ ಜಾಸ್ತಿ ಹಿಡಿಯುತ್ತದೆ, ಖರ್ಚೂ ಜಾಸ್ತಿ. ಎಲೆಕ್ಟ್ರಿಕ್ ಕಾರಿನವರಿಗೆ ಎಂಜಿನ್ ಆಯಿಲ್‌ನ ತಲೆಬಿಸಿ ಇಲ್ಲ, ಆದರೆ ಉಪ್ಪು ಗಾಳಿ, ಇಲಿ, ಮಳೆ ಅವರನ್ನೂ ಬಿಡುವುದಿಲ್ಲ.

ಹೆಜ್ಜೆ 1: ಡೆಲಿವರಿ ಹಗಲಿಗೇ ಇಟ್ಟುಕೊಳ್ಳಿ

ಕತ್ತಲಾದ ಮೇಲೆ, ಅಥವಾ ಮಳೆ ಸುರಿಯುವಾಗ ಡೆಲಿವರಿ ತೆಗೆದುಕೊಳ್ಳಬೇಡಿ. ಒದ್ದೆ ಬಾಡಿ ಮೇಲೆ ಗೀರು ಕಾಣುವುದೇ ಇಲ್ಲ. ಬಿಸಿಲಿನಲ್ಲಿ ಒಂದು ಸುತ್ತು ಬನ್ನಿ, ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಇದೆಯಾ ನೋಡಿ, ನಾಲ್ಕೂ ಟೈರಿನ ಮೇಲೆ ಒಂದೇ ಕಂಪೆನಿಯ ಹೆಸರು ಇದೆಯಾ ನೋಡಿ. ಚಾಸಿಸ್ ನಂಬರ್ ಇನ್‌ವಾಯ್ಸ್‌ನಲ್ಲೂ ಇನ್ಶೂರೆನ್ಸ್ ಕಾಗದದಲ್ಲೂ ಒಂದೇ ಇರಬೇಕು. ಒಂದು ಅಂಕಿ ತಪ್ಪಿದರೂ ಕ್ಲೇಮ್ ಸಮಯದಲ್ಲಿ ಅದೇ ದೊಡ್ಡ ತಲೆನೋವು.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತ ಕಡ್ಡಾಯ ಏನಿಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಇನ್ಶೂರೆನ್ಸ್, 3 ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, 2018ರ ಸೆಪ್ಟೆಂಬರಿನಿಂದ ಈ ನಿಯಮ ಇದೆ. ನಿಮ್ಮ ಕಾರಿನ ಸ್ವಂತ ಹಾನಿಯ ಭಾಗವನ್ನು ಮಾತ್ರ 1 ವರ್ಷಕ್ಕೆ ಮಾಡಿಸಬಹುದು. ಹೊರಗಿನಿಂದ ಒಂದು ಕೋಟೇಶನ್ ತಂದು ತೋರಿಸಿದರೆ ಶೋರೂಮಿನವರ ರೇಟೂ ಸ್ವಲ್ಪ ಕೆಳಗೆ ಬರುತ್ತದೆ, ಕೇಳುವುದಕ್ಕೆ ನಾಚಿಕೆ ಬೇಡ.

ಮನೆಗೆ ಬಂದ ಮೇಲೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಮೇಂಟೆನೆನ್ಸ್ ಶೆಡ್ಯೂಲ್ ಎಂಬ ಪುಟ ಹುಡುಕಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎಷ್ಟು ಕಿಲೋಮೀಟರಿಗೆ ಯಾವುದು ಬದಲಿಸಬೇಕು, ಯಾವುದನ್ನು ಬರೇ ನೋಡಿದರೆ ಸಾಕು ಅಂತ ಅದರಲ್ಲಿ ಕೋಷ್ಟಕ ಇರುತ್ತದೆ. ಮುಂದೆ ಹೇಳುವುದೆಲ್ಲ ಆ ಒಂದು ಪುಟದ ಮೇಲೆಯೇ ನಿಂತಿದೆ.

ಮತ್ತೆ ಪೂಜೆ. ಕಟೀಲಿಗೋ, ಕದ್ರಿಗೋ, ಆನೆಗುಡ್ಡೆಗೋ ಹೋಗುವವರು ಹೋಗಿ ಬನ್ನಿ, ಆದರೆ ಬಾನೆಟ್ ಮೇಲಿನ ಹೂವಿನ ಮಾಲೆಯನ್ನು ದಾರದಲ್ಲಿ ಕಟ್ಟಿಸಿ. ತಂತಿಯಲ್ಲಿ ಕಟ್ಟಿದ ಮಾಲೆ ಹೈವೇಯಲ್ಲಿ ಗಾಳಿಗೆ ಬಡಿದೂ ಬಡಿದೂ ಮನೆ ಮುಟ್ಟುವಾಗ ಪೇಂಟ್ ಮೇಲೆ ಸಣ್ಣ ಸಣ್ಣ ಅರ್ಧ ಚಂದ್ರ ಬರೆದಿರುತ್ತದೆ. ಹೊಸ ಕಾರಿನ ಮೊದಲ ಗೀರು ದೇವಸ್ಥಾನದಿಂದಲೇ ಬಂದವರು ನಮ್ಮೂರಲ್ಲಿ ಕಡಿಮೆ ಏನಿಲ್ಲ.

ಹೆಜ್ಜೆ 2: ಮೊದಲ ಸಾವಿರ ಕಿಲೋಮೀಟರ್, ಮತ್ತು ಶಬ್ದಗಳು

ಮೊದಲ ಸಾವಿರ ಕಿಲೋಮೀಟರ್ ಎಂಜಿನನ್ನು ಹಿಂಡಬೇಡಿ. ಹಾಗಂತ ನಲವತ್ತರಲ್ಲೇ ತೆವಳುವುದೂ ಬೇಡ. ಒಂದೇ ವೇಗದಲ್ಲಿ ತುಂಬ ಹೊತ್ತು ಓಡಿಸದೆ ಏರಿಸುತ್ತಾ ಇಳಿಸುತ್ತಾ ಹೋಗಿ, ಗೇರ್ ಕೆಳಗಿಳಿಸದೆ ಎಂಜಿನ್ ಗುದ್ದಾಡುವಂತೆ ಮಾಡಬೇಡಿ. ಮಂಗಳೂರು ಪೇಟೆಯ ಏರು ತಗ್ಗುಗಳು, ಬಾವುಟಗುಡ್ಡೆ, ಬಿಜೈ, ಕದ್ರಿ, ಇದಕ್ಕೆ ಒಳ್ಳೆಯ ಪಾಠಶಾಲೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಇಳಿಯುವಾಗ ಮಾತ್ರ ಬ್ರೇಕ್ ಮೇಲೆಯೇ ಕಾಲಿಟ್ಟು ಕೂರಬೇಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಈ ಸಮಯದಲ್ಲಿ ಎಲ್ಲರಿಗೂ ಬರುವ ಒಂದು ಗಾಬರಿ ಹೇಳುತ್ತೇನೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಕಾರು ಹೊರಗೆ ತೆಗೆಯುವಾಗ ಚಕ್ರದಿಂದ ಕರಕರ ಶಬ್ದ. ಬಗ್ಗಿ ನೋಡಿದರೆ ಅಲಾಯ್ ಚಕ್ರದ ಸಂದಿಯಲ್ಲಿ ಬ್ರೇಕ್ ಡಿಸ್ಕ್ ಪೂರ್ತಿ ಕೇಸರಿ ಬಣ್ಣ. ತುಕ್ಕು, ಹೌದು, ಆದರೆ ಮೇಲ್ಮೈಯಲ್ಲಿ ಮಾತ್ರ. ಡಿಸ್ಕ್ ಬೀಡು ಕಬ್ಬಿಣದ್ದು, ನಮ್ಮ ತೇವಕ್ಕೆ ಒಂದು ರಾತ್ರಿ ಸಾಕು. ಗೇಟು ದಾಟಿ ನಾಲ್ಕು ಸಲ ಬ್ರೇಕ್ ಒತ್ತಿದರೆ ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ, ಡಿಸ್ಕ್ ಮತ್ತೆ ಬೆಳ್ಳಗೆ. ಇದಕ್ಕೆ ಡಿಸ್ಕ್ ಕ್ಲೀನಿಂಗ್ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಶಬ್ದ ಅರ್ಧ ದಿನ ಓಡಿಸಿದ ಮೇಲೂ ಹೋಗದಿದ್ದರೆ ಮಾತ್ರ ತೋರಿಸಿ.

ಡ್ಯಾಶ್‌ಬೋರ್ಡ್ ಒಳಗಿನಿಂದ, ಸೀಟಿನಿಂದ, ಹಿಂದಿನ ಬಾಗಿಲಿನಿಂದ ಬರುವ ಕಟಕಟ ಬೇರೆ ವಿಷಯ. ಅದು ವಾರಂಟಿಯಲ್ಲಿ ಸರಿಯಾಗಬೇಕಾದದ್ದು, ಆದರೆ "ಏನೋ ಶಬ್ದ ಬರ್ತದೆ" ಅಂತ ಬಾಯಲ್ಲಿ ಹೇಳಿದರೆ ಸಂಜೆ ನಿಮಗೆ ಸಿಗುವ ಉತ್ತರ "ಚೆಕ್ ಮಾಡಿದ್ವಿ ಸರ್, ನಾರ್ಮಲ್." ಹಾಗಾಗಿ ಎಷ್ಟು ವೇಗದಲ್ಲಿ, ಎಂತಹ ರಸ್ತೆಯಲ್ಲಿ, ಎಸಿ ಹಾಕಿದಾಗಲೋ ಇಲ್ಲದಾಗಲೋ, ತಣ್ಣಗಿನ ಎಂಜಿನ್‌ನಲ್ಲೋ ಬಿಸಿಯಾದ ಮೇಲೋ ಅಂತ ಬರೆದಿಡಿ, ಪಕ್ಕದಲ್ಲಿ ಕೂತವರಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ಸರ್ವೀಸ್ ದಿನ ಕೀ ಕೊಡುವ ಮೊದಲೇ ಟೆಕ್ನೀಷಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ತರಹದ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ಕೇಳಿದ ಕಿವಿ ಇಲ್ಲ ಅನ್ನುವುದಿಲ್ಲ.

ಮೈಲೇಜ್ ಬಗ್ಗೆ ಈಗಲೇ ಬೇಸರ ಮಾಡಿಕೊಳ್ಳಬೇಡಿ. ಕಂಪೆನಿ ಹೇಳುವ ಅಂಕಿ ಲ್ಯಾಬಿನಲ್ಲಿ ಬಂದದ್ದು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಬಂದದ್ದಲ್ಲ. ಲೆಕ್ಕ ಬೇಕಿದ್ದರೆ ಟ್ಯಾಂಕ್ ಫುಲ್ ಮಾಡಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಮೀಟರಿನಲ್ಲಿ ತೋರಿಸುವ ಅಂಕಿ ಸಾಮಾನ್ಯವಾಗಿ ಸ್ವಲ್ಪ ಉದಾರಿ.

ಹೆಜ್ಜೆ 3: 'ಫ್ರೀ' ಸರ್ವೀಸ್‌ನಲ್ಲಿ ಫ್ರೀ ಯಾವುದು?

ಲೇಬರ್ ಮಾತ್ರ. ಆಯಿಲ್, ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್, ಇವಕ್ಕೆಲ್ಲ ದುಡ್ಡು ಕೊಡಬೇಕು. ಹೆಚ್ಚಿನ ಕಂಪೆನಿಗಳು ಮೂರು ಫ್ರೀ ಸರ್ವೀಸ್ ಕೊಡುತ್ತವೆ. ಕೆಲವರದ್ದು ಒಂದು ತಿಂಗಳು ಅಥವಾ 1,000 ಕಿಲೋಮೀಟರ್, ಆಮೇಲೆ 6 ತಿಂಗಳು ಅಥವಾ 5,000, ಆಮೇಲೆ 1 ವರ್ಷ ಅಥವಾ 10,000. ಇನ್ನು ಕೆಲವರದ್ದು ಇದಕ್ಕಿಂತ ಅಂತರ ಜಾಸ್ತಿ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ಇಲ್ಲೇ ತುಂಬ ಜನ ಎಡವುವುದು. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿಸುವವರು "ನನ್ನದು ಇನ್ನೂ ಮೂರು ಸಾವಿರವೂ ಆಗಿಲ್ಲ" ಅಂತ ಬಿಟ್ಟುಬಿಡುತ್ತಾರೆ, ತಾರೀಖು ದಾಟಿ ಹೋಗುತ್ತದೆ, ನಾಳೆ ವಾರಂಟಿ ಕೇಳಲು ಹೋದರೆ ಅದೇ ನೆಪ ಆಗುತ್ತದೆ.

ಮೊದಲನೇ ಸರ್ವೀಸ್ ಹೆಚ್ಚಾಗಿ ಬರೇ ತಪಾಸಣೆ. ಬಿಲ್ ಸೊನ್ನೆಗೆ ಹತ್ತಿರ ಇರಬೇಕು. ಆಗಲೇ ಸಾವಿರಗಟ್ಟಲೆ ಬಿಲ್ ಬಂದರೆ ಕಾರಿಗೆ ಬಳಿಯುವ ಯಾವುದೋ ಕೋಟಿಂಗ್ ಬಿಲ್ಲಿನೊಳಗೆ ನುಸುಳಿದೆ ಅಂತಲೇ ಅರ್ಥ.

ಹೆಜ್ಜೆ 4: ಜಾಬ್ ಕಾರ್ಡ್ ಎದುರು

ಹಿಂದಿನ ರಾತ್ರಿ ಕಂಪೆನಿಯ ವೆಬ್‌ಸೈಟಿಗೆ ಹೋಗಿ. ದೊಡ್ಡ ಕಂಪೆನಿಗಳಲ್ಲಿ ಹೆಚ್ಚಿನವು ಸರ್ವೀಸ್ ಕಾಸ್ಟ್ ಕ್ಯಾಲ್ಕುಲೇಟರ್ ಇಟ್ಟಿವೆ. ಮಾಡೆಲ್, ಊರು, ಕಿಲೋಮೀಟರ್ ಹಾಕಿದರೆ ಆ ಸರ್ವೀಸಿಗೆ ಎಷ್ಟಾಗಬಹುದು ಅಂತ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ. ಶನಿವಾರ ಹೋಗಬೇಡಿ, ಜಾತ್ರೆ ಇರುತ್ತದೆ. ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ಜಾಬ್ ಕಾರ್ಡ್ ಬರೆಯುವ ಸರ್ವೀಸ್ ಅಡ್ವೈಸರಿಗೂ ನಿಮ್ಮ ಹತ್ತಿರ ಮಾತಾಡಲು ಪುರುಸೊತ್ತು ಇರುತ್ತದೆ.

ಕಾರಿನೊಳಗಿನ ಕಿಲೋಮೀಟರ್, ಪೆಟ್ರೋಲ್ ಮುಳ್ಳು, ಹೊರಗಿನ ನಾಲ್ಕೂ ಬದಿ ಫೋಟೋ ತೆಗೆಯಿರಿ. ಆಮೇಲೆ ಮೇಜಿನ ಎದುರು ಕೂತಾಗ ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

"ಸರ್, ಮಳೆಗಾಲ ಅಲ್ವಾ, ಅಂಡರ್‌ಬಾಡಿ ಕೋಟಿಂಗ್ ಮಾಡಿಸಿಬಿಡಿ. ಎಸಿಗೂ ಒಂದು ಡಿಸ್‌ಇನ್ಫೆಕ್ಟೆಂಟ್ ಹಾಕುವ. ಎಲ್ರೂ ಮಾಡಿಸ್ತಾರೆ."

"ಶೆಡ್ಯೂಲ್‌ನಲ್ಲಿ ಉಂಟಾ ಅದು?"

"ಶೆಡ್ಯೂಲ್‌ನಲ್ಲಿ ಇಲ್ಲ ಸರ್, ಆದ್ರೆ ನಾವು ರೆಕಮೆಂಡ್ ಮಾಡ್ತೇವೆ."

"ಹಾಗಾದ್ರೆ ಈಗ ಬೇಡ. ಶೆಡ್ಯೂಲ್‌ನಲ್ಲಿ ಇದ್ದದ್ದು ಮಾತ್ರ ಮಾಡಿ."

ಅಷ್ಟೇ. ಗಲಾಟೆ ಬೇಡ, ವಾದ ಬೇಡ. ಅವರನ್ನು ಕಳ್ಳರಂತೆ ನೋಡುವುದೂ ಬೇಡ ಮಾರಾಯ್ರೆ, ಕೋಟಿಂಗ್ ಮಾರಲು ಅವರ ಮೇಲೆ ತಿಂಗಳ ಟಾರ್ಗೆಟ್ ಇರುತ್ತದೆ, ಅದು ಅವರ ಹೊಟ್ಟೆಪಾಡು. ಅಡ್ವೈಸರ್ ಹತ್ತಿರ ನಗುತ್ತಾ ಮಾತಾಡಿದವರ ಕಾರಿಗೆ ವಾಷಿಂಗ್ ಕೂಡ ಚೆನ್ನಾಗಿ ಆಗುತ್ತದೆ ಅಂತ ನನ್ನ ಅನುಮಾನ.

ಸೈನ್ ಹಾಕುವ ಮೊದಲು ಎಸ್ಟಿಮೇಟ್‌ನ ಪ್ರತಿ ಸಾಲು ಓದಿ, ಬೇಡದ್ದನ್ನು ಹೊಡೆದು ಹಾಕಿಸಿ, "ಎಸ್ಟಿಮೇಟ್ ದಾಟುವುದಾದರೆ ಮೊದಲು ಫೋನ್ ಮಾಡಬೇಕು" ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಬದಲಿಸಿದ ಹಳೇ ಫಿಲ್ಟರ್ ಡಿಕ್ಕಿಯಲ್ಲಿ ಇಡಿ ಅಂತಲೂ ಬರೆಸಬಹುದು. ಅದನ್ನು ನೀವು ಇಟ್ಟುಕೊಂಡು ಮಾಡುವುದೇನಿಲ್ಲ, ಆದರೆ ಬದಲಿಸಿದ್ದು ಗ್ಯಾರಂಟಿ ಆಗುತ್ತದೆ.

ಹೆಜ್ಜೆ 5: ಬಿಲ್ ಓದುವುದು

ಉಡುಪಿಯಲ್ಲಿರುವ ನನ್ನ ಭಾವನ ವರ್ಷದ ಸರ್ವೀಸ್ ಎಸ್ಟಿಮೇಟ್ ಉದಾಹರಣೆಗೆ ತೆಗೆದುಕೊಳ್ಳುವ. ಸರ್ವೀಸ್ ಸೆಂಟರಿನ ಹೆಸರು ಬೇಡ. ಟ್ಯಾಕ್ಸ್ ಸೇರಿಸಿ ಆಯಿಲ್, ಆಯಿಲ್ ಫಿಲ್ಟರ್, ವಾಷರ್ 2,450. ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 900. ಎಸಿ ಡಿಸ್‌ಇನ್ಫೆಕ್ಟೆಂಟ್ 750. ಎಂಜಿನ್ ಡ್ರೆಸಿಂಗ್ 400. ಇಂಟೀರಿಯರ್ ಕ್ಲೀನಿಂಗ್ 1,200. ಒಟ್ಟು 5,700. ಇದರಲ್ಲಿ ಶೆಡ್ಯೂಲ್ ಕೇಳುವುದು ಮೊದಲನೇ ಸಾಲು. ಅಲೈನ್‌ಮೆಂಟ್ ಮಾಡಿಸುವುದು ಒಳ್ಳೆಯದೇ, ನಮ್ಮ ರಸ್ತೆಯ ಹೊಂಡಗಳಿಗೆ ಅದು ಬೇಕು, ಬೇಕಿದ್ದರೆ ಹೊರಗಿನ ಟೈರ್ ಅಂಗಡಿಯಲ್ಲೂ ಆಗುತ್ತದೆ. ಉಳಿದ ಮೂರು ಸಾಲು ಹೊಡೆಸಿದ, ಬಿಲ್ 3,350ಕ್ಕೆ ನಿಂತಿತು. ಎಂಜಿನ್ ಡ್ರೆಸಿಂಗ್ ಅಂದರೆ ಬಾನೆಟ್ ಒಳಗೆ ಹೊಳಪು ಬರಿಸುವ ಸ್ಪ್ರೇ, ಅಷ್ಟೇ. ಬಾನೆಟ್ ಒಳಗೆ ಯಾರು ಇಣುಕಿ ನೋಡುತ್ತಾರೆ?

ಆಯಿಲ್ ಸಾಲನ್ನು ಮಾತ್ರ ಎರಡು ಸಲ ನೋಡಿ. ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಫಿಲ್ಟರ್ ಸಮೇತ ಎಷ್ಟು ಲೀಟರ್ ಹಿಡಿಯುತ್ತದೆ, ಯಾವ ಗ್ರೇಡ್ ಅಂತ ಇರುತ್ತದೆ. ಅಲ್ಲಿ 3.5 ಇದ್ದು ಬಿಲ್ಲಿನಲ್ಲಿ 4 ಇದ್ದರೆ ಆ ಅರ್ಧ ಲೀಟರ್ ಎಲ್ಲಿ ಅಂತ ಕೇಳಿ. ಡ್ರಮ್ಮಿನಿಂದ ಅಳೆದು ಹಾಕುವ ಕಡೆ ಅಷ್ಟಕ್ಕೇ ಬಿಲ್ ಮಾಡಬಹುದು. ಡಬ್ಬ ಒಡೆದದ್ದಾದರೆ ಉಳಿದದ್ದನ್ನು ನಿಮಗೆ ಕೊಡಬೇಕು. 0ಡಬ್ಲ್ಯೂ-20 ಎಂಬ ತೆಳು ಗ್ರೇಡ್ ಬರೆದಿದ್ದರೆ ಅದೇ ಹಾಕಬೇಕು, ದಪ್ಪ ಆಯಿಲ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಎಂಬುದು ಹಳೇ ಕಾಲದ ಮಾತು.

ಜಿಎಸ್‌ಟಿ ಲೇಬರಿನ ಮೇಲೆ 18 ಶೇಕಡಾ. ಬಿಡಿಭಾಗಗಳಲ್ಲಿ ಹೆಚ್ಚಿನದ್ದಕ್ಕೆ ಮೊದಲು 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದೂ 18ಕ್ಕೆ ಇಳಿದಿದೆ. ಹಳೇ ಬಿಲ್ ಜೊತೆ ಹೋಲಿಸುವಾಗ ಇದು ನೆನಪಿರಲಿ. 'ಕನ್ಸ್ಯೂಮೆಬಲ್ಸ್' ಅಂತ ಒಂದು ಸಾಲು ಇರುತ್ತದೆ, ಬಟ್ಟೆ, ಗ್ರೀಸ್, ಕ್ಲೀನರ್ ಇತ್ಯಾದಿ. ನೂರಿನ್ನೂರು ಆದರೆ ಬಿಟ್ಟುಬಿಡಿ, ಜಾಸ್ತಿ ಇದ್ದರೆ ಬಿಡಿಸಿ ಹೇಳಲು ಹೇಳಿ.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್ ಇವನ್ನೆಲ್ಲ ಮೊದಲ ವರ್ಷ ಬದಲಿಸಬೇಕು ಅಂದರೆ ಮ್ಯಾನ್ಯುಯಲ್ ತೆಗೆದು ತೋರಿಸಿ. ಫ್ಯುಯೆಲ್ ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಇವು ಒಂದು ವರ್ಷದ ಎಂಜಿನ್‌ಗೆ ಬೇಡವೇ ಬೇಡ.

ಹೆಜ್ಜೆ 6: ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ

ಬಯಲು ಸೀಮೆಯವರು ಬರೆದ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಕಾರನ್ನು ಹಾಳು ಮಾಡುವುದು ಉಪ್ಪು, ತೇವ, ಇಲಿ ಮತ್ತು ತೆಂಗಿನ ಮರ.

ಉಪ್ಪು ಅಂದರೆ ಬರೇ ಸಮುದ್ರದ ಗಾಳಿ ಅಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಅದರಿಂದ ಸುರಿಯುವ ನೀರು ನೇರ ನಮ್ಮ ಕಾರಿನ ಅಡಿಗೆ ಹೊಡೆಯುತ್ತದೆ. ಗಾಜಿನ ಮೇಲೆ ಬಿದ್ದದ್ದನ್ನು ಒರೆಸುತ್ತೇವೆ, ಅಡಿಯದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ದಿನ, ಅಥವಾ ಮಲ್ಪೆ, ಪಣಂಬೂರು ಬೀಚಿಗೆ ಹೋಗಿ ಬಂದ ದಿನ, ಪೈಪ್ ಹಿಡಿದು ಚಕ್ರದ ಗೂಡು ಮತ್ತು ಅಡಿಭಾಗಕ್ಕೆ ಬರೇ ನೀರು ಹೊಡೆಯಿರಿ. ಇದಕ್ಕೆ ಖರ್ಚಿಲ್ಲ, ಮತ್ತು ಕೋಟಿಂಗ್‌ಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಈಗಿನ ಕಾರುಗಳಿಗೆ ಕಾರ್ಖಾನೆಯಲ್ಲೇ ಅಡಿಗೆ ಒಂದು ಪದರ ಹಾಕಿರುತ್ತಾರೆ. ಮನೆ ಕಡಲ ಬದಿಯಲ್ಲೇ ಇದ್ದು ಕಾರು ದಿನವಿಡೀ ಆ ಗಾಳಿಗೆ ನಿಲ್ಲುವುದಾದರೆ ಹೆಚ್ಚಿನ ಕೋಟಿಂಗ್ ಮಾಡಿಸಬಹುದು. ಆದರೆ ಬೇಸಗೆಯಲ್ಲಿ ಮಾಡಿಸಿ, ತೊಳೆದು ಪೂರ್ತಿ ಒಣಗಿದ ಮೇಲೆ. ಮಳೆಗಾಲದಲ್ಲಿ ಒದ್ದೆ ಮಣ್ಣಿನ ಮೇಲೆಯೇ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಅಡಿಯಿಂದ ಶುರುವಾಗುತ್ತದೆ. ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆಯೂ ನೋಡಿಕೊಳ್ಳಿ.

ವೈಪರ್ ಬ್ಲೇಡ್ ಪತ್ತನಾಜೆಯ ಮೊದಲು, ಅಂದರೆ ಮೇ ಕೊನೆಯೊಳಗೆ, ನೋಡಿ. ಬೇಸಗೆಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಮೊದಲ ಮಳೆಗೇ ಗಾಜಿನ ಮೇಲೆ ಪಟ್ಟೆ ಎಳೆಯುತ್ತದೆ, ಎದುರಿನ ಬಸ್ಸಿನ ಹೈಬೀಮ್ ಸೇರಿದರೆ ದಾರಿಯೇ ಕಾಣುವುದಿಲ್ಲ.

ಮಳೆ ಜೋರಿರುವ ಆಟಿ ತಿಂಗಳಲ್ಲಿ ನಾಲ್ಕು ದಿನ ಕಾರು ಮುಚ್ಚಿಟ್ಟರೆ ಸೀಟ್ ಬೆಲ್ಟಿಗೂ ಸ್ಟಿಯರಿಂಗಿಗೂ ಬೂಷ್ಟು ಬರುತ್ತದೆ. ಮನೆ ಮುಟ್ಟುವ ಐದು ನಿಮಿಷ ಮೊದಲು ಎಸಿ ಬಂದ್ ಮಾಡಿ ಫ್ಯಾನ್ ಮಾತ್ರ ಓಡಿಸಿ, ಒಳಗಿನ ಕಾಯಿಲ್ ಒಣಗುತ್ತದೆ, ವಾಸನೆ ಬರುವುದಿಲ್ಲ. ಕ್ಯಾಬಿನ್ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ನಾವೇ ತೆಗೆದು ಕೊಡವಬಹುದು. ಒದ್ದೆ ಮ್ಯಾಟ್ ಮನೆಯೊಳಗೆ ತಂದು ಒಣಗಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೆ ಬದಲಿಸಿ ಅಂತ ಮ್ಯಾನ್ಯುಯಲ್ ಹೇಳಿದರೆ ನಮ್ಮೂರಿನಲ್ಲಿ ಅದನ್ನು ಮುಂದೆ ಹಾಕಬೇಡಿ, ಘಾಟಿ ಇಳಿಯುವವರಂತೂ.

ಇಲಿ ವೈರ್ ಕಡಿದರೆ ವಾರಂಟಿ ಇಲ್ಲ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ, ವಾಸನೆ ಇರುವಷ್ಟು ದಿನ ಅದು ಸರಿ. ಅದಕ್ಕಿಂತ ಮೊದಲು ಶೆಡ್ಡಿನ ಮೂಲೆಯ ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆ ಖಾಲಿ ಮಾಡಿ, ಮಕ್ಕಳು ಸೀಟಿನಡಿ ಚೆಲ್ಲಿದ ಚಿಪ್ಸ್ ಗುಡಿಸಿ. ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಬೇಡಿ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಆದರೂ ಕೋಲಕ್ಕೋ ಯಕ್ಷಗಾನಕ್ಕೋ ಹೋದಾಗ ಕತ್ತಲಲ್ಲಿ ಜಾಗ ಸಿಕ್ಕಿತು ಅಂತ ನಿಲ್ಲಿಸಿ ಬೆಳಿಗ್ಗೆ ಟಾಪಿನ ಮೇಲೆ ಮಡಲು ಬಿದ್ದದ್ದು ನೋಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಹೆಜ್ಜೆ 7: ನೀರು ಮತ್ತು ಇನ್ಶೂರೆನ್ಸ್

ಕೊಟ್ಟಾರ ಚೌಕಿಯಂಥ ಕಡೆ ದೊಡ್ಡ ಮಳೆಗೆ ರಸ್ತೆಯೇ ತೋಡಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ಹೋದ ನೀರನ್ನು ಪಿಸ್ಟನ್ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ರಿಪೇರಿ ಲಕ್ಷದ ಲೆಕ್ಕಕ್ಕೆ ಹೋಗಬಹುದು. ಸಾಮಾನ್ಯ ಪಾಲಿಸಿಯಲ್ಲಿ ಇಂಥ ಎಂಜಿನ್ ಹಾನಿಗೆ ದುಡ್ಡು ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಎಂಬ ಆಡ್‌ಆನ್, ಅಂದರೆ ಪಾಲಿಸಿಗೆ ಹೆಚ್ಚಿಗೆ ಸೇರಿಸುವ ಕವರ್, ಬೇಕು. ಕೋಟಿಂಗ್‌ಗೆ ಕೊಡುವ ದುಡ್ಡು ಇದಕ್ಕೆ ಕೊಡಿ.

ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಮುಂದಿನ ವರ್ಷ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ 20 ಶೇಕಡಾ ನೋ ಕ್ಲೇಮ್ ಬೋನಸ್, ಅದು ವರ್ಷ ಹೋದಂತೆ 50ರವರೆಗೆ ಏರುತ್ತದೆ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ 1,000 ರೂಪಾಯಿ ನಮ್ಮ ಕೈಯಿಂದಲೇ. ಸ್ವಂತ ಹಾನಿಯ ಪ್ರೀಮಿಯಂ 8,000 ಇದ್ದರೆ ಬೋನಸ್ 1,600. ಬಂಪರ್ ಪೇಂಟಿಗೆ 2,500 ಆದರೆ ಕ್ಲೇಮಿನಲ್ಲಿ ಹೆಚ್ಚೆಂದರೆ 1,500 ಸಿಗುತ್ತದೆ, 1,600 ಹೋಗುತ್ತದೆ. ಸುಮ್ನೆ ಕೈಯಿಂದ ಕೊಟ್ಟುಬಿಡಿ.

ದಿನಾ ಹೆಜಮಾಡಿ ಟೋಲ್ ದಾಟಿ ಉಡುಪಿ, ಮಂಗಳೂರು ಓಡಾಡುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿ. 2025ರ ಆಗಸ್ಟ್ 15ಕ್ಕೆ 3,000 ರೂಪಾಯಿಗೆ 200 ಸಲ ಅಂತ ಶುರುವಾದದ್ದು. ಮತ್ತೆ ಹೊಸ ಕಾರಿಗೆ ಒಂದು ವರ್ಷ ಹೊಗೆ ತಪಾಸಣೆ ಬೇಡ, ವರ್ಷ ತುಂಬಿದ ಕೂಡಲೇ ಎಮಿಶನ್ ಸರ್ಟಿಫಿಕೇಟ್ ಬೇಕು.

ಹೆಜ್ಜೆ 8: ವರ್ಷ ತುಂಬುವಾಗ

ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಕಂಪೆನಿಯ ವಾರಂಟಿ ಮುಗಿಯುವ ಮೊದಲೇ ತೆಗೆದುಕೊಳ್ಳಬೇಕು, ತಡ ಮಾಡಿದಷ್ಟು ರೇಟು ಏರುತ್ತದೆ. ಆಟೋಮ್ಯಾಟಿಕ್, ಟರ್ಬೋ, ದೊಡ್ಡ ಸ್ಕ್ರೀನ್ ಇರುವ ಕಾರಿಗೆ ನಾನು ಹೌದು ಅನ್ನುತ್ತೇನೆ. ಸರಳ ಮ್ಯಾನ್ಯುಯಲ್ ಪೆಟ್ರೋಲ್ ಕಾರಿಗೆ ಅಷ್ಟೇನೂ ಇಲ್ಲ.

ಜಗಳಕ್ಕೆ ನಿಲ್ಲಬೇಕಾಗಿ ಬಂದರೆ ಮೆಟ್ಟಿಲು ಹೀಗೆ: ಮೊದಲು ಅಡ್ವೈಸರ್, ಆಮೇಲೆ ಸರ್ವೀಸ್ ಮ್ಯಾನೇಜರ್, ಆಮೇಲೆ ಕಂಪೆನಿಯ ಕಸ್ಟಮರ್ ಕೇರ್‌ಗೆ ಇಮೇಲ್. ಫೋನಿನಲ್ಲಿ ಮಾತಾಡಿದ್ದನ್ನೂ ಕೊನೆಗೆ ಇಮೇಲ್‌ನಲ್ಲಿ ಹಾಕಿ, ಜಾಬ್ ಕಾರ್ಡ್ ನಂಬರ್, ಕಿಲೋಮೀಟರ್, ಫೋಟೋ ಸಮೇತ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ನಂತರ ಜಿಲ್ಲಾ ಗ್ರಾಹಕ ಆಯೋಗ, ಮಂಗಳೂರಿನಲ್ಲೂ ಉಂಟು, ಉಡುಪಿಯಲ್ಲೂ ಉಂಟು. ವಕೀಲರೇ ಬೇಕು ಅಂತಿಲ್ಲ, ಆದರೆ ಕಾಗದ ಬೇಕು. ಹಾಗಾಗಿ ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ ಮೂರನ್ನೂ ಪ್ರತಿ ಸಲ ಕೇಳಿ ತೆಗೆದುಕೊಂಡು ಒಂದು ಫೈಲಿನಲ್ಲಿ ಹಾಕಿಡಿ, ಮತ್ತು ಆ ಫೈಲನ್ನು ಗ್ಲೋವ್ ಬಾಕ್ಸಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿಯುತ್ತದೆ.